ಒಂದೇ ಎಂಬ ಪೊಟ್ಟಣ

ನನ್ನ ಹೆಸರು ಹಾಲೇಶ. ಬೇರೆ ಊರಿನಲ್ಲಾಗಿದ್ದರೆ ಇದೇನು ಹೇಳಿಕೊಳ್ಳುವಂಥ ವಿಷಯವಲ್ಲ. ನಮ್ಮೂರಿನಲ್ಲಿ ಮಾತ್ರ ಈ ಹೆಸರು ಕೇಳಿದವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಪದ್ಮಾಕ್ಷಿ ‘ಸಾಲು’ ಎಂಬ ಪೊಟ್ಟಣವನ್ನು ಉಗ್ರಾಣಕ್ಕೆ ಸೇರಿಸಿದ ದಿನದಿಂದ ರೇಷನ್ ಅಂಗಡಿಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ನಾಲ್ಕು ಜನ ಸೇರಿದರೆ ಸಾಕು, ಅವರವರ ಕಾಲುಗಳೇ ಅವರನ್ನು ಅಕಾರಾದಿಯಾಗಿ ನಿಲ್ಲಿಸಿಬಿಡುತ್ತಿದ್ದವು. ಅಕ್ಕಮ್ಮ ಮುಂದೆ, ಆನಂದಪ್ಪ ಅವಳ ಹಿಂದೆ, ಹೀಗೆ ಹೋಗಿ ಹೋಗಿ ಕಟ್ಟಕಡೆಗೆ ನಾನು. ನೂಕುನುಗ್ಗಲು ನಿಂತಿತು, ನಿಜ. ಆದರೆ ಹಕಾರದವರ ಗೋಳು ಕೇಳುವವರಿರಲಿಲ್ಲ. ನಮ್ಮ ಸರದಿ ಬರುವಷ್ಟರಲ್ಲಿ ಸಕ್ಕರೆ ಮುಗಿದಿರುತ್ತಿತ್ತು, ಇಲ್ಲವೇ ಅಂಗಡಿಯವನಿಗೆ ಊಟದ ಹೊತ್ತಾಗಿರುತ್ತಿತ್ತು. ಹೊನ್ನೂರಪ್ಪ ತನ್ನ ಹೆಸರಿನ ತಲೆಗೆ ಒಂದು ‘ಅ’ ಅಂಟಿಸಿಕೊಂಡು ಅಹೊನ್ನೂರಪ್ಪನಾದ. ಅವನನ್ನು ನೋಡಿ ಅವನ ಭಾವ, ಭಾವನನ್ನು ನೋಡಿ ಅರ್ಧ ಬೀದಿ. ಆ ವರ್ಷ ಹುಟ್ಟಿದ ಕೂಸುಗಳಿಗೆಲ್ಲ ಅಕಾರದ ಹೆಸರೇ ಇಟ್ಟು, ಅಂಗನವಾಡಿಯ ಟೀಚರಮ್ಮ ‘ಅ...’ ಎಂದು ಬಾಯಿ ತೆರೆದರೆ ಇಡೀ ಕೋಣೆ ಎದ್ದು ನಿಲ್ಲುವಂತಾಯಿತು. ನಾನು ಮಾತ್ರ ಹೆಸರು ಬದಲಿಸಲಿಲ್ಲ. ಕೊನೆಯಲ್ಲಿ ನಿಂತವನಿಗೆ ಮುಂದಿನವರ ಮಾತೆಲ್ಲ ಕಿವಿಗೆ ಬೀಳುತ್ತದೆ, ಅದೊಂದು ಲಾಭ. ಈಗ ಹೇಳಹೊರಟದ್ದರಲ್ಲಿ ಅರ್ಧ ನನಗೆ ಗೊತ್ತಾದದ್ದು ಹಾಗೆ. ಉಳಿದರ್ಧ ಪದ್ಮಾಕ್ಷಿಯ ಬಾಯಿಂದಲೇ ಕೇಳಿದ್ದು. ಅವಳ ಮನೆ ಇರುವುದು ನಮ್ಮ ಮನೆಯ ಎದುರಿಗೇ.

ನಮ್ಮೂರಿನ ಕಂಪ್ಯೂಟರುಗಳನ್ನೆಲ್ಲ ನಡೆಸುವುದು ‘ಬಯಲು’ ಎಂಬ ವ್ಯವಸ್ಥೆ. ಅದು ಯಾರಪ್ಪನ ಆಸ್ತಿಯೂ ಅಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಪಕ್ಕದ ಮನೆಯವರಿಗೆ ಕೊಡಬಹುದು. ಅದಕ್ಕೆ ಒದಗುವ ಚಿಕ್ಕಪುಟ್ಟ ಪ್ರೋಗ್ರಾಮುಗಳನ್ನು ಎಲ್ಲೆಲ್ಲಿಯವರೋ ಬರೆದು, ಬೇಕಾದವರು ತೆಗೆದುಕೊಳ್ಳಲಿ ಎಂದು ಬಿಟ್ಟಿರುತ್ತಾರೆ. ಅವನ್ನು ತಂದು, ಬಯಲಿಗೆ ಒಗ್ಗುವಂತೆ ಅಂಚು ಸವರಿ, ಇದು ಏನು ಮಾಡುತ್ತದೆ, ಇದರ ಜೊತೆಗೆ ಇನ್ನೇನು ಬೇಕು ಎಂದು ಮೇಲೆ ಬರೆದು, ಅಚ್ಚುಕಟ್ಟಾಗಿ ಪೊಟ್ಟಣ ಕಟ್ಟಿ, ತನ್ನ ಸಹಿ ಹಾಕಿ ಊರಿನ ಉಗ್ರಾಣದಲ್ಲಿ ಇಡುವುದು ಪೊಟ್ಟಣ ಕಟ್ಟುವವರ ಕೆಲಸ. ಉಗ್ರಾಣವೆಂದರೆ ಅಕ್ಕಿ ಬೇಳೆಯದಲ್ಲ. ಪುರಸಭೆಯ ಮಹಡಿಯ ಮೇಲೆ ಗುಂಯ್‌ಗುಡುವ ಒಂದು ಪೆಟ್ಟಿಗೆ, ಅಷ್ಟೇ. ಇದೆಲ್ಲ ಬೇರೆ ಊರುಗಳಲ್ಲೂ ಇದ್ದದ್ದೇ. ನಮ್ಮೂರಿನಲ್ಲಿ ಮಾತ್ರ ಪೊಟ್ಟಣ ಉಗ್ರಾಣ ಸೇರಿತೆಂದರೆ ಅದರ ಕೆಲಸ ಕಂಪ್ಯೂಟರಿನೊಳಗೆ ನಿಲ್ಲುವುದಿಲ್ಲ, ಬೀದಿಗೂ ಇಳಿಯುತ್ತದೆ. ಗಡಿಕಲ್ಲಿನ ತನಕ ಅದರ ಮಾತು ನಡೆಯುತ್ತದೆ. ‘ಮೆಲ್ಲಗೆ’ ಎಂಬ ಪೊಟ್ಟಣ ಬಂದ ಮೇಲೆ ಧ್ವನಿವರ್ಧಕಗಳೆಲ್ಲ ಪಿಸುಗುಟ್ಟತೊಡಗಿದವು. ‘ಬಾಲ’ ಬಂದ ಮೇಲೆ, ಯಾರಾದರೂ ಉದ್ದಕ್ಕೆ ಮಾತು ಶುರು ಮಾಡಿದರೆ ಎದುರಿನವರು ‘ಬಾಲ’ ಎಂದರೆ ಸಾಕು, ಅವರ ಬಾಯಿಂದ ಕೊನೆಯ ಒಂದೆರಡು ಮಾತು ಮಾತ್ರ ಬರುತ್ತಿತ್ತು. ಇದರಿಂದ ಎಷ್ಟೋ ಸಂಸಾರಗಳು ಉಳಿದವು ಎನ್ನುವವರಿದ್ದಾರೆ, ಮುರಿದವು ಎನ್ನುವವರೂ ಇದ್ದಾರೆ.

ಪದ್ಮಾಕ್ಷಿ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಸುಮ್ಮನೆ ಕೂರಲಾರದೆ ಈ ಕೆಲಸ ಹಿಡಿದಳು. ಅಡುಗೆಮನೆಯ ಮೂಲೆಯಲ್ಲಿ ಮಿಕ್ಸಿಯ ಪಕ್ಕ ಅವಳ ಕಂಪ್ಯೂಟರು. ಸಂಬಳವಿಲ್ಲ, ಸನ್ಮಾನವಿಲ್ಲ. ಇರುವುದೆಲ್ಲ ದೂರು. ಪೊಟ್ಟಣದ ಮೇಲೆ ಅವಳ ಸಹಿ ಇರುತ್ತದಲ್ಲ, ಹಾಗಾಗಿ ಪ್ರೋಗ್ರಾಮು ಬರೆದವನನ್ನು ಬಿಟ್ಟು ಜನ ಇವಳ ಬಾಗಿಲಿಗೇ ಬರುತ್ತಿದ್ದರು. ‘ಸಾಲು’ ನಿಧಾನವಾಯಿತು, ‘ಸಾಲು’ ಬೇಗ ಸಾಗಿತು, ‘ಮೆಲ್ಲಗೆ’ಯಿಂದ ನಮ್ಮ ಅತ್ತೆಯ ಕೂಗು ಕಮ್ಮಿಯಾಗಲಿಲ್ಲ, ಇಂಥವು. ಊರಿನಲ್ಲಿ ಪೊಟ್ಟಣ ಕಟ್ಟುವವರು ಇನ್ನೂ ಕೆಲವರಿದ್ದರು. ಬೈಗುಳ ತಾಳದೆ ಒಬ್ಬೊಬ್ಬರೇ ಬಿಟ್ಟುಬಿಟ್ಟು ಕೊನೆಗೆ ಉಳಿದವಳು ಇವಳೊಬ್ಬಳು. ಯಾಕಮ್ಮ ನೀನೊಬ್ಬಳು ಅಂಟಿಕೊಂಡಿದ್ದೀಯ ಎಂದು ನಾನೇ ಒಮ್ಮೆ ಕೇಳಿದ್ದೆ. “ಎಕ್ಸ್‌ಚೇಂಜಿನಲ್ಲೂ ಹೀಗೇ ಅಲ್ವಾ ಹಾಲೇಶಣ್ಣ? ಲೈನು ಸಿಕ್ಕಿದ್ರೆ ಅವರ ಪುಣ್ಯ, ಸಿಗದಿದ್ರೆ ನಮ್ಮ ತಪ್ಪು. ಅಭ್ಯಾಸ ಆಗಿದೆ,” ಎಂದಿದ್ದಳು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಮುಕುಂದರಾಯರು ಅವಳ ಮನೆಗೆ ಬಂದರು. ಪುರಸಭೆಗೂ ಅವರೇ ಅಧ್ಯಕ್ಷರು, ಉಗ್ರಾಣ ಸಮಿತಿಗೂ ಅವರೇ. ಕಂಪ್ಯೂಟರಿನ ವಿಷಯದಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ. ತೆರೆಯ ಮೇಲೆ ಏನೇ ಪ್ರಶ್ನೆ ಮೂಡಲಿ, ‘ಹೌದು’ ಒತ್ತಿದರೆ ಅದು ತೊಲಗುತ್ತದೆ ಎಂಬುದು.

“ಪದ್ಮಾಕ್ಷಮ್ಮನೋರೇ, ಒಂದೇ ಥರದ್ದು ಎರಡಿದ್ರೆ ಒಂದನ್ನ ತೆಗೆದುಬಿಡೋ ಪ್ರೋಗ್ರಾಮು ಇದೆಯಂತಲ್ಲ?” ಎಂದರು, ಕಾಫಿ ಲೋಟ ಕೈಗೆ ಬಂದ ಮೇಲೆ.

“ಇದೆ. ‘ಒಂದೇ’ ಅಂತಲೇ ಅದರ ಹೆಸರು. ಯಾಕೆ ಕೇಳ್ತಿದೀರಿ?”

“ನಲ್ಲೀಲಿ ನೀರಿಲ್ಲ ಅಂತ ಅರ್ಜಿ ಬಂದು ಬೀಳ್ತಾ ಇವೆ ನೋಡಿ. ಎಲ್ಲಾ ಒಂದೇ ಥರ. ‘ನೀರು ಬರುತ್ತಿಲ್ಲ, ದಯವಿಟ್ಟು ಕ್ರಮ ಕೈಗೊಳ್ಳಿ.’ ಒಬ್ಬರು ಬರೆದ್ರೆ ಸಾಲದಾ? ಊರಿಗೂರೇ ಬರೀಬೇಕಾ? ಒಂದನ್ನ ಇಟ್ಕೊಂಡು ಮಿಕ್ಕಿದ್ದನ್ನ ತೆಗೆದ್ರೆ...”

“ನೀರು ಬರುತ್ತಾ?”

“ಅರ್ಜಿ ಕಮ್ಮಿ ಆಗುತ್ತೆ,” ಎಂದರು ರಾಯರು. “ಒಂದು ಅರ್ಜಿ ಅಂದ್ರೆ ಒಂದು ಮನೆ ತೊಂದರೆ. ಒಂದು ಮನೆಗೆ ಟ್ಯಾಂಕರ್ ಕಳಿಸೋದು ನಮ್ಮ ಕೈಲಾಗೋ ಕೆಲಸ.”

ಪದ್ಮಾಕ್ಷಿ ನೋಡೋಣ ಎಂದಳು. ನೋಡೋಣ ಎಂದರೆ ಅವಳು ನಿಜವಾಗಿಯೂ ನೋಡುವವಳು. ಉಗ್ರಾಣ ಸೇರುವ ಮೊದಲು ಯಾವ ಪೊಟ್ಟಣವಾದರೂ ಕಟ್ಟಿದವರ ಹೊಸ್ತಿಲಿನ ಒಳಗೆ ಮಾತ್ರ ನಡೆಯುತ್ತದೆ. ಭಾನುವಾರ ಅವಳು ನನ್ನನ್ನೂ ಕರೆದು, ಗಂಡ ಚನ್ನಕೇಶವನನ್ನೂ ಕೂರಿಸಿಕೊಂಡು ‘ಒಂದೇ’ಯನ್ನು ಮನೆಯೊಳಗೆ ಓಡಿಸಿದಳು. ನಾವು ನೋಡನೋಡುತ್ತಿದ್ದಂತೆ ಅಡ್ಡಣಿಗೆಯ ಮೇಲಿದ್ದ ಎರಡು ಸ್ಟೀಲ್ ಲೋಟ ಒಂದಾಯಿತು. ತಟ್ಟೆಗಳ ಅಟ್ಟಿ ಒಂದು ತಟ್ಟೆಗೆ ಇಳಿಯಿತು. ಮೂಲೆಯಲ್ಲಿದ್ದ ಚಪ್ಪಲಿ ಜೋಡಿ ಉಳಿದುಕೊಂಡಿತು, ಎಡದ್ದು ಎಡ, ಬಲದ್ದು ಬಲ ತಾನೆ. ಪದ್ಮಾಕ್ಷಿಯ ಕಿವಿಯೋಲೆ ಮಾತ್ರ ಒಂದೇ ಉಳಿಯಿತು. ಹೋದವು ಎಲ್ಲಿಗೆ ಹೋದವೆಂದು ಮನೆಯೆಲ್ಲ ಹುಡುಕಿದೆವು. ಪೊಟ್ಟಣ ನಿಲ್ಲಿಸಿದ ಮೇಲೂ ಅವು ತಿರುಗಿ ಬರಲಿಲ್ಲ.

“ಅಯ್ಯಯ್ಯೋ!” ಎಂದು ಚನ್ನಕೇಶವ ತನ್ನ ಚೀಲಕ್ಕೆ ಕೈಹಾಕಿ ಕೂಗಿದ. ಅವನದು ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಅಂಗಡಿ. ಯಾರೋ ಮಗಳ ಜಾತಕದ ಪ್ರತಿ ಮಾಡಿಸಿಟ್ಟಿದ್ದ ಕಟ್ಟು ಚೀಲದಲ್ಲಿತ್ತು. ಈಗ ಒಂದೇ ಹಾಳೆ ಉಳಿದಿತ್ತು. “ಪಾಪ, ಆ ಮನುಷ್ಯ ಊರೆಲ್ಲ ಹಂಚಬೇಕು ಅಂತಿದ್ದ. ಇದು ಊರಿಗೆ ಬಂದ್ರೆ ನಾನು ಅಂಗಡೀಲಿ ಏನು ಮಾಡ್ಲಿ? ಬಂದೋರಿಗೆಲ್ಲ ಅವರು ತಂದ ಕಾಗದವನ್ನೇ ವಾಪಸ್ ಕೊಡ್ಲಾ?”

ಪದ್ಮಾಕ್ಷಿಗೆ ಇನ್ನೊಂದು ಅನುಮಾನ ಕೊರೆಯುತ್ತಿತ್ತು. ಪಕ್ಕದ ಮನೆಯಿಂದ ಎರಡು ಚಮಚ ಇಸಕೊಂಡು ಬಂದು ಒಂದಕ್ಕೆ ರಾಮ, ಇನ್ನೊಂದಕ್ಕೆ ಭೀಮ ಎಂದು ಚೀಟಿ ಅಂಟಿಸಿ ಮತ್ತೆ ಓಡಿಸಿದಳು. ಭೀಮ ಚೀಟಿಸಮೇತ ಮಾಯವಾದ. ಹೆಸರು ಬೇರೆ ಎಂಬುದಕ್ಕೆ ಆ ಪ್ರೋಗ್ರಾಮು ಕವಡೆ ಕಿಮ್ಮತ್ತೂ ಕೊಟ್ಟಿರಲಿಲ್ಲ. ಅದನ್ನು ಬರೆದ ಮಹಾನುಭಾವನಿಗೆ ಇದು ಸರಿಯೇ ಎಂದು ಇಮೇಲ್ ಹಾಕಿದಳು. ಅವನು ಯಾವ ದೇಶದವನೋ ಏನೋ, ಉತ್ತರ ಮಾತ್ರ ಕೂಡಲೇ ಬಂತು. ‘ಹೆಸರು ಬೇರೆಯಾದ ಮಾತ್ರಕ್ಕೆ ವಸ್ತು ಬೇರೆಯಾಗುವುದಿಲ್ಲ. ಇದು ದೋಷವಲ್ಲ. ಹಾಗೆಯೇ ಇರಲೆಂದು ಬರೆದದ್ದು.’

ನಮ್ಮೂರಿನಲ್ಲಿ ಸುದ್ದಿ ಹರಡಲು ಯಾವ ಪೊಟ್ಟಣವೂ ಬೇಕಿಲ್ಲ. ಮಾರನೆಯ ದಿನ ಬೀದಿಯ ಕೊನೆಯ ಮನೆಯ ನಾಗವೇಣಿ ಮತ್ತು ಕೃಷ್ಣವೇಣಿ ಬಂದರು. ಇಬ್ಬರೂ ಅವಳಿಗಳು. ಅರವತ್ತು ದಾಟಿದ್ದರೂ ಒಂದೇ ಥಾನಿನಿಂದ ಕತ್ತರಿಸಿದ ಸೀರೆ ಉಡುತ್ತಿದ್ದರು, ಒಂದೇ ಥರ ತುರುಬು ಕಟ್ಟುತ್ತಿದ್ದರು. ಕೆಲಸದಲ್ಲಿದ್ದಾಗ ಒಂದೇ ಶಾಲೆಯಲ್ಲಿ ಮೇಡಂ ಆಗಿದ್ದವರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಎರಡು ಹಾಜರಿ ಹಾಕುತ್ತಿದ್ದರಂತೆ. ಹೆಡ್‌ಮಾಸ್ತರರಿಗೆ ಇಂದಿಗೂ ಗೊತ್ತಿಲ್ಲ.

“ಪದ್ಮಾ, ಸುತ್ತಿ ಬಳಸಿ ಕೇಳಲ್ಲ,” ಎಂದಳು ಕೃಷ್ಣವೇಣಿ. “ನಿನ್ನ ಪೊಟ್ಟಣ ನಮ್ಮಲ್ಲಿ ಯಾರನ್ನ ತೆಗೆಯುತ್ತೆ?”

ಪದ್ಮಾಕ್ಷಿಗೆ ಸುಳ್ಳು ಹೇಳಲು ಬರುವುದಿಲ್ಲ. “ಮೊದಲು ಬಂದದ್ದನ್ನ ಉಳಿಸುತ್ತೆ ಕೃಷ್ಣಕ್ಕ. ಆಮೇಲಿಂದು...” ಎಂದು ನಿಲ್ಲಿಸಿದಳು.

ಅವರಲ್ಲಿ ಮೊದಲು ಹುಟ್ಟಿದ್ದು ಯಾರೆಂದು ಹೆತ್ತ ತಾಯಿಗೂ ಗೊತ್ತಿರಲಿಲ್ಲ. ನೀರು ಹಾಕುವಾಗ ಸೂಲಗಿತ್ತಿಯ ಕೈಯಲ್ಲಿ ಅದಲುಬದಲಾಗಿತ್ತಂತೆ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಇವಳೇ ದೊಡ್ಡೋಳು,” ಎಂದರು ಇಬ್ಬರೂ ಒಟ್ಟಿಗೆ, ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿ.

ಪದ್ಮಾಕ್ಷಿ ಎದ್ದು ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತಳಂತೆ. ಹೊರಗೆ ಬಂದವಳು, “ನಾನು ಇದಕ್ಕೆ ಸಹಿ ಹಾಕಲ್ಲ. ಆದ್ರೂ ನೀವು ಸ್ವಲ್ಪ ಬೇರೆ ಬೇರೆ ಆಗೋಕೆ ನೋಡಿ. ಯಾವುದಕ್ಕೂ ಇರಲಿ,” ಎಂದಳು.

ಬೇರೆಯಾಗುವುದೇನು ಸುಲಭವೇ? ಕೃಷ್ಣವೇಣಿ ಕೂದಲಿಗೆ ಕಪ್ಪು ಹಚ್ಚಿಕೊಂಡಳು. ಚೆನ್ನಾಗಿ ಕಾಣಿಸಿತೆಂದು ನಾಗವೇಣಿಯೂ ಹಚ್ಚಿಕೊಂಡಳು. ಒಬ್ಬಳು ಚೂಡಿದಾರ್ ಹಾಕಲಿ ಎಂದು ತೀರ್ಮಾನವಾಗಿ, ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದಂತೆ ದರ್ಜಿಯ ಹತ್ತಿರ ಹೋಗಿ ಅಳತೆ ಕೊಟ್ಟು ಬಂದರು. ಕೊನೆಗೆ ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಕೃಷ್ಣವೇಣಿ ತಟ್ಟೆ ಸರಿಸಿ, “ನಿಜ ಹೇಳ್ಲಾ? ನಂಗೆ ಉಪ್ಪಿಟ್ಟು ಅಂದ್ರೆ ಚಿಕ್ಕಂದಿನಿಂದ ಆಗಲ್ಲ,” ಎಂದಳಂತೆ. ನಾಗವೇಣಿ ಬೆರಗಾಗಿ ನೋಡಿದಳಂತೆ. ಅಂದಿನಿಂದ ಕೃಷ್ಣವೇಣಿಗೆ ಬೇಡವಾದದ್ದೆಲ್ಲ ಒಂದೊಂದೇ ಹೊರಬರತೊಡಗಿತು. ಮಲ್ಲಿಗೆ ಬೇಡ, ಮಧ್ಯಾಹ್ನದ ನಿದ್ದೆ ಬೇಡ, ರೇಡಿಯೋದ ಭಾವಗೀತೆ ಬೇಡ. ಅವಳು ಈ ವಯಸ್ಸಿನಲ್ಲಿ ಮಜಬೂತಾಗಿ ‘ಇಲ್ಲ’ ಎನ್ನುವುದನ್ನು ಕಲಿತಳು. ನಾಗವೇಣಿಯೂ ತನಗೆ ಬೇಡವಾದದ್ದು ಏನಾದರೂ ಇದೆಯೇ ಎಂದು ದಿನವಿಡೀ ಯೋಚಿಸುತ್ತಿದ್ದಳು. “ಏನೂ ಸಿಕ್ತಿಲ್ಲ ಹಾಲೇಶಪ್ಪ, ನಂಗೆ ಎಲ್ಲಾ ಇಷ್ಟ,” ಎಂದು ರೇಷನ್ ತೆಗೆದುಕೊಂಡು ಹಿಂದಿರುಗುವಾಗ ಸಾಲಿನ ಕೊನೆಯಲ್ಲಿದ್ದ ನನ್ನ ಹತ್ತಿರ ಪೇಚಾಡಿಕೊಂಡಳು.

ಪದ್ಮಾಕ್ಷಿ ಸಹಿ ಹಾಕುವುದಿಲ್ಲವೆಂದು ತಿಳಿದಾಗ ರಾಯರು ಸಿಟ್ಟಾಗಲಿಲ್ಲ. ಸಮಿತಿಯ ಸಭೆ ಕರೆದರು. ಸಭೆಯಲ್ಲಿದ್ದವರು ಅವರು, ಅವರ ಷಡ್ಡಕ, ಮತ್ತು ಚಹಾ ತಂದುಕೊಟ್ಟವನು. ಒಬ್ಬ ವ್ಯಕ್ತಿಯ ಹಟದಿಂದ ಊರಿನ ಪ್ರಗತಿ ನಿಲ್ಲಬಾರದು, ಸಮಿತಿಯ ಮಾತು ಕೇಳದವರ ಪೊಟ್ಟಣಗಳನ್ನು ‘ಅನಾಥ’ ಎಂದು ಘೋಷಿಸಿ ಉಗ್ರಾಣದಿಂದ ಇಳಿಸಬೇಕು ಎಂದು ನಿರ್ಣಯವಾಯಿತು. ಮರುದಿನ ಬೆಳಿಗ್ಗೆ ಪದ್ಮಾಕ್ಷಿಯ ಪೊಟ್ಟಣಗಳೆಲ್ಲ ಇಳಿದವು.

ಆ ದಿನವನ್ನು ನಾನು ಮರೆಯಲಾರೆ. ಬೆಳಿಗ್ಗೆ ಬೆಳಿಗ್ಗೆಯೇ ಊರಿನ ಧ್ವನಿವರ್ಧಕಗಳೆಲ್ಲ ಇಷ್ಟು ದಿನ ನುಂಗಿಕೊಂಡಿದ್ದ ಕೂಗನ್ನೆಲ್ಲ ಒಟ್ಟಿಗೆ ಕಾರಿದವು. ರೇಷನ್ ಅಂಗಡಿಯ ಮುಂದೆ ಸಾಲೇ ಇಲ್ಲ. ನಾವು ಹಕಾರದವರು ಇಂಥ ದಿನಕ್ಕಾಗಿಯೇ ಕಾದಿದ್ದವರಂತೆ ನುಗ್ಗಿದೆವು. ನಾನು ಮೊದಲಿಗನಾಗಿ ಗಲ್ಲಾದ ಮುಂದೆ ನಿಂತೆ, ಆದರೆ ಅಂಗಿಗೆ ಒಂದು ಗುಂಡಿಯೂ ಉಳಿದಿರಲಿಲ್ಲ, ಕೈಚೀಲ ಯಾರ ಕೈಯಲ್ಲಿತ್ತೋ ತಿಳಿಯದು. ಇತ್ತ ತನ್ನ ಹೆಸರನ್ನೇ ಕೆಡಿಸಿಕೊಂಡಿದ್ದ ಅಹೊನ್ನೂರಪ್ಪ, ಈಗ ಈ ‘ಅ’ವನ್ನು ಏನು ಮಾಡಲಿ ಎಂದು ಕಂಡಕಂಡವರನ್ನು ಕೇಳುತ್ತಿದ್ದ. ಆಸ್ಪತ್ರೆಯಲ್ಲಿ ಜ್ವರದವರಿಗಿಂತ ಮೊಣಕೈ ತಿವಿತದವರೇ ಜಾಸ್ತಿಯಾದರು. ‘ಬಾಲ’ ಇಲ್ಲದೆ, ಯಾರೋ ಕೇಳಿದ ‘ಹೇಗಿದ್ದೀರಿ’ಗೆ ಆನಂದಪ್ಪ ಕೊಡಲಾರಂಭಿಸಿದ ಉತ್ತರ ಮಧ್ಯಾಹ್ನವಾದರೂ ಮುಗಿಯಲಿಲ್ಲ.

ಸಂಜೆಯ ಹೊತ್ತಿಗೆ ಊರು ಪದ್ಮಾಕ್ಷಿಯ ಬಾಗಿಲಲ್ಲಿ ನೆರೆದಿತ್ತು. ‘ಸಾಲು’ ಕೆಟ್ಟದ್ದು ಎಂದು ಪ್ರತಿ ವಾರ ಬಂದು ಬೈಯುತ್ತಿದ್ದವರೇ ಎಲ್ಲರಿಗಿಂತ ಮುಂದೆ.

“ನಿನ್ನ ಕಾಲಿಗೆ ಬೀಳ್ತೀನಿ ತಾಯಿ, ಅವರು ಕೇಳಿದ್ದಕ್ಕೆ ಒಂದು ಸಹಿ ಹಾಕಿಬಿಡು. ನಮ್ಮ ಸಾಲು ನಮಗೆ ಬರಲಿ,” ಎಂದಳು ಅಕ್ಕಮ್ಮ.

“ಆ ಇಬ್ಬರು ಮುದುಕಿಯರಲ್ಲಿ ಒಬ್ಬಳು ಹೋದರೆ?” ಪದ್ಮಾಕ್ಷಿ ಕೇಳಿದಳು.

ಹಿಂದಿನಿಂದ ಒಂದು ಧ್ವನಿ, “ಒಬ್ಬಳು ಉಳೀತಾಳಲ್ಲ,” ಎಂದಿತು. ಯಾರದೆಂದು ನೋಡಲು ಎಲ್ಲರೂ ತಿರುಗಿದರು. ಆಡಿದವನೂ ತಿರುಗಿ ನೋಡುತ್ತಿದ್ದನಾದ್ದರಿಂದ ಪತ್ತೆಯಾಗಲಿಲ್ಲ.

ಪದ್ಮಾಕ್ಷಿ ಬಾಗಿಲು ಹಾಕಿಕೊಂಡಳು. ಕಿಟಕಿಯಿಂದ ನಾನು ಕಂಡಂತೆ ಅವಳು ಕಣ್ಣೊರೆಸಿಕೊಂಡದ್ದು ಅದೊಂದೇ ಸಲ. ಚನ್ನಕೇಶವ ಅವಳ ಮುಂದೆ ಕಾಫಿ ಇಟ್ಟು ತಾನೂ ಕೂತ. ಬೆಳಗಿನಿಂದ ಅಂಗಡಿಯಲ್ಲಿ ಜಗಳ ಬಿಡಿಸಿ ಅವನಿಗೂ ಸಾಕಾಗಿತ್ತು.

“ಅಲ್ಲ ಕಣೆ, ನಾನು ಅಂಗಡೀಲಿ ಕೆಟ್ಟ ಪ್ರತಿ ಬಂದ್ರೆ ಹರಿದು ಹಾಕೋಕೆ ಮುಂಚೆ ಗಿರಾಕೀನ ಒಂದು ಮಾತು ಕೇಳ್ತೀನಿ, ‘ಇದು ಬೇಡ್ವಾ ಸ್ವಾಮಿ’ ಅಂತ. ನಿನ್ನ ಪೊಟ್ಟಣಕ್ಕೆ ಅಷ್ಟೂ ಮರ್ಯಾದೆ ಇಲ್ವಾ?”

ಪದ್ಮಾಕ್ಷಿ ತಲೆಯೆತ್ತಿದಳು. “ರೀ, ಇನ್ನೊಂದು ಸಲ ಹೇಳಿ.”

“ಏನು ಹೇಳ್ಲಿ? ಕೇಳಿ ತೆಗೀಬೇಕು ಅಂದೆ.”

ಬಯಲಿಗೆ ಬರುವ ಪ್ರೋಗ್ರಾಮುಗಳನ್ನು ಪೊಟ್ಟಣ ಕಟ್ಟುವವರು ತಿದ್ದಬಹುದು, ಅದು ಮೊದಲಿನಿಂದ ಇರುವ ಹಕ್ಕು. ಅವಳು ‘ಒಂದೇ’ಯನ್ನು ಬಿಚ್ಚಿ ನಡುವೆ ಕೆಲವು ಸಾಲು ಸೇರಿಸಿದಳು. ಏನನ್ನಾದರೂ ತೆಗೆಯುವ ಮೊದಲು ಅದು ಕೇಳಬೇಕು. ವಸ್ತುವಾದರೆ ಒಡೆಯರನ್ನು, ಅರ್ಜಿಯಾದರೆ ಬರೆದವರನ್ನು, ಮನುಷ್ಯರಾದರೆ ಅವರನ್ನೇ. ಎರಡೂ ಕಡೆಯವರು ‘ಹೌದು’ ಎಂದರೆ ಮಾತ್ರ ತೆಗೆಯಬೇಕು. ‘ಇಲ್ಲ’ ಎಂದವರು ಯಾಕೆ ಇಲ್ಲ ಎಂದು ಹೇಳಿದರೆ ಅದನ್ನೂ ಪಕ್ಕದಲ್ಲಿ ಬರೆದಿಡಬೇಕು. ಅವಳು ತಿದ್ದಿದ್ದು ಇಷ್ಟೇ. ಸಹಿ ಹಾಕಿ ಕಳಿಸಿದಳು. ತಿದ್ದುಪಡಿಯ ವಿಷಯವನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿಯೇ ಬರೆದಿದ್ದಳು. ಸಮಿತಿಯವರು ಓದುವವರಾಗಿದ್ದರೆ ತಾನೆ.

“ಆದ್ರೂ ನಂಗೆ ಭಯ ಹಾಲೇಶಣ್ಣ,” ಎಂದಳು ನನ್ನ ಹತ್ತಿರ. “ಈ ಊರಿನವರು ಪ್ರಶ್ನೆ ಓದಲ್ಲ. ಏನು ಕೇಳಿದ್ರೂ ‘ಹೌದು’ ಒತ್ತಿಬಿಡ್ತಾರೆ.”

ಉದ್ಘಾಟನೆಗೆ ರಾಯರು ಪುರಸಭೆಯ ಮೈದಾನದಲ್ಲಿ ಶಾಮಿಯಾನ ಹಾಕಿಸಿದರು. ಅನಾಥವಾಗಿದ್ದ ಪೊಟ್ಟಣಗಳು ಆ ಬೆಳಿಗ್ಗೆಯೇ ಉಗ್ರಾಣಕ್ಕೆ ಮರಳಿದ್ದವು. ಜನ ತಂತಾನೇ ಅಕಾರಾದಿಯಾಗಿ ಕೂತರು, ನಾನು ಶಾಮಿಯಾನದ ಹೊರಗೆ ಬಿಸಿಲಿನಲ್ಲಿ. ರಾಯರು ಗುಂಡಿ ಒತ್ತಿ ‘ಒಂದೇ’ಯನ್ನು ಚಾಲೂ ಮಾಡಿ ಮೈಕಿನ ಮುಂದೆ ಬಂದರು. “ನನ್ನ ನೆಚ್ಚಿನ ನಾಗರಿಕ ಬಂಧುಗಳೇ, ಇಂದು ಒಂದು ಸುವರ್ಣ ದಿನ. ನಮ್ಮ ಊರು ಮಾದರಿ ಊ...” ಎನ್ನುವಷ್ಟರಲ್ಲಿ ಮೈಕಿನಿಂದಲೇ ಒಂದು ಸ್ವರ ಕೇಳಿತು. ಹಳೆಯ ಎಕ್ಸ್‌ಚೇಂಜಿನ ದನಿಯ ಹಾಗೆ, ಬಹಳ ಮರ್ಯಾದೆಯಿಂದ.

“ಕ್ಷಮಿಸಿ. ಈ ಭಾಷಣವೂ ಹೋದ ವರ್ಷ ನೀವು ಇಲ್ಲಿ ಮಾಡಿದ ಭಾಷಣವೂ ಒಂದೇ ತಾನೆ?”

ಎರಡೂ ಭಾಷಣದ ಒಡೆಯರು ಅವರೇ. ರಾಯರಿಗೆ ಪ್ರಶ್ನೆ ಅಡ್ಡ ಬಂದರೆ ಸಹಿಸುವ ಅಭ್ಯಾಸವಿಲ್ಲ. “ಹೌದು ಹೌದು, ಮುಂದೆ ನಡೀರಿ,” ಎಂದುಬಿಟ್ಟರು. ಮತ್ತೆ ಬಾಯಿ ತೆರೆದರು. ಏನೂ ಬರಲಿಲ್ಲ. ಇನ್ನೊಮ್ಮೆ ತೆರೆದರು. ಕೈಯಲ್ಲಿದ್ದ ಕಾಗದವನ್ನು ನೋಡಿದರು, ಅದು ಬೆಳ್ಳಗಿತ್ತು. ಇಷ್ಟು ಚುಟುಕಾದ ಭಾಷಣ ಕೇಳಿ ಗೊತ್ತಿರದ ಜನ ಸಂತೋಷದಿಂದ ಚಪ್ಪಾಳೆ ಹೊಡೆದರು.

ಅದೇ ಹೊತ್ತಿಗೆ ಪ್ರಶ್ನೆ ಜನರ ಕಡೆಗೂ ತಿರುಗಿತು. “ನಿಮ್ಮ ಅರ್ಜಿಯೂ ನಿಮ್ಮ ಎದುರು ಮನೆಯವರ ಅರ್ಜಿಯೂ ಒಂದೇ ತಾನೆ?” ಎಂದು ಪ್ರತಿಯೊಬ್ಬರ ಕಿವಿಯ ಹತ್ತಿರ ಬೇರೆ ಬೇರೆಯಾಗಿ ಕೇಳಿತು. ಪದ್ಮಾಕ್ಷಿ ಉಸಿರು ಬಿಗಿಹಿಡಿದಳು. ಆದರೆ ಎದುರು ಮನೆಯ ಮಾತೆತ್ತಿದರೆ ‘ಹೌದು’ ಎನ್ನುವ ಮನುಷ್ಯ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ.

“ಅದ್ಹೆಂಗೆ ಒಂದೇ ಆಗುತ್ತೆ?” ಎಂದು ಅಕ್ಕಮ್ಮ ಎದ್ದು ನಿಂತು ಗಾಳಿಗೆ ಕೈ ಬೀಸಿದಳು. “ಅವರ ಮನೇಲಿ ಬಾವಿ ಐತೆ. ನಮ್ಮನೇಲಿ ಬಾಣಂತಿ ಅವ್ಳೆ. ಕೂಸಿನ ಬಟ್ಟೆ ಒಗೆಯಾಕೆ ಒಂದು ಕೊಡ ನೀರಿಲ್ಲ!” ಅವಳ ಹಿಂದೆಯೇ ಅಹೊನ್ನೂರಪ್ಪ, ಅವನ ಹಿಂದೆ ಆನಂದಪ್ಪ. ಒಬ್ಬನ ನಲ್ಲಿಯಲ್ಲಿ ಗಾಳಿ ಬರುತ್ತಿತ್ತು, ಇನ್ನೊಬ್ಬನದರಲ್ಲಿ ಎರೆಹುಳು. ಒಬ್ಬಳು ನೀರಿಗೆ ಹೋಗಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿದ್ದಳು. ಇಷ್ಟು ದಿನ ‘ನೀರು ಬರುತ್ತಿಲ್ಲ, ದಯವಿಟ್ಟು’ ಎಂದಷ್ಟೇ ಬರೆಯಲು ಗೊತ್ತಿದ್ದವರು ಈಗ ತಮ್ಮ ತಮ್ಮ ಕಥೆಯನ್ನು ಮೊದಲಿನಿಂದ ಶುರು ಮಾಡಿದರು, ಹೇಳಿದ್ದೆಲ್ಲ ಅರ್ಜಿಗೆ ಸೇರುತ್ತ ಹೋಯಿತು. ಒಂದೊಂದು ಸಾಲಿನ ಅರ್ಜಿಗಳು ಊದಿ ಊದಿ ಪುರಸಭೆಯ ದಫ್ತರದ ಕೋಣೆಯ ಬಾಗಿಲು ಹಾಕಲಾಗದಂತಾಯಿತು. ಅರ್ಜಿ ಓದುವುದಕ್ಕಿಂತ ಪೈಪು ಸರಿಮಾಡುವುದೇ ಸುಲಭ ಎಂದು ಪುರಸಭೆಗೆ ಹೊಳೆದದ್ದು ಮುಂದಿನ ವಾರ.

ಇದೆಲ್ಲದರ ಮಧ್ಯೆ ಪದ್ಮಾಕ್ಷಿ ಸಾಲಿನ ಕಡೆ ಕಣ್ಣಾಡಿಸಿದಳು. ಕಕಾರದವರಲ್ಲಿ ಕೃಷ್ಣವೇಣಿ ಇರಲಿಲ್ಲ. ನಕಾರದವರಲ್ಲಿ ನಾಗವೇಣಿಯೂ ಇರಲಿಲ್ಲ. “ಹಾಲೇಶಣ್ಣಾ!” ಎಂದು ಕೂಗಿ ಅವಳು ಮೈದಾನದಿಂದ ಓಡಿದಳು. ನಾನೂ ಹಿಂದೆ ಓಡಿದೆ.

ನಾಗವೇಣಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ಒಬ್ಬಳೇ ಇದ್ದಳು.

“ನಾಗಕ್ಕಾ, ಪ್ರಶ್ನೆ ಬಂತಾ?” ಪದ್ಮಾಕ್ಷಿಗೆ ಏದುಸಿರು.

“ಈಗ ತಾನೇ ಬಂತಲ್ಲ. ನೀನೂ ನಿನ್ನ ಜೊತೆಯವಳೂ ಒಂದೇ ತಾನೆ ಅಂತ. ಒಳ್ಳೆ ಮರ್ಯಾದಸ್ಥ ದನಿ.”

“ಏನಂದ್ರಿ?”

“ಹೌದು ಅಂದೆ,” ಎಂದಳು ನಾಗವೇಣಿ, ಒಂದು ಬೀಜವನ್ನು ಅಂಗಳಕ್ಕೆ ಎಸೆದು.

“ಕೃಷ್ಣಕ್ಕ ಎಲ್ಲಿ?”

“ಟ್ಯಾಂಕರ್ ಬಂದಿತ್ತು. ತಲೆಗೆ ಎರಕೊಳ್ತಿದಾಳೆ.”

ಪದ್ಮಾಕ್ಷಿ ಬಚ್ಚಲಮನೆಯ ಬಾಗಿಲಿಗೆ ಹೋಗಿ ದಬದಬ ಬಡಿದಳು. “ಕೃಷ್ಣಕ್ಕಾ! ಯಾರಾದ್ರೂ ಏನಾದ್ರೂ ಕೇಳಿದ್ರಾ?”

ಒಳಗೆ ನೀರಿನ ಸದ್ದು ನಿಂತಿತು. ಉತ್ತರವಿಲ್ಲ. ಪದ್ಮಾಕ್ಷಿಯ ಮುಖ ನೋಡಲಾಗದೆ ನಾನು ಸೂರಿನ ಕಡೆ ನೋಡಿದೆ. ಮತ್ತೆ ಬಡಿದಳು.

“ಯಾರದು ಬಾಗಿಲು ಮುರಿಯೋದು?” ಎಂದು ಒಳಗಿನಿಂದ ಗದರಿಕೆ ಬಂತು. “ಸೀಗೆಪುಡಿ ಕಣ್ಣಿಗೆ ಹೋಗಿ ಸಾಯ್ತಿದೀನಿ. ಒಬ್ರು ಆಗಲಿಂದ ಏನೋ ಕೇಳ್ತಾನೇ ಇದಾರೆ, ಇರಪ್ಪ ಬಂದೆ ಅಂದಿದೀನಿ. ಈಗ ನೀನು ಬೇರೆ!”

ಕೃಷ್ಣವೇಣಿ ತಲೆಗೆ ಟವೆಲ್ ಸುತ್ತಿಕೊಂಡು ಕೆಂಪು ಕಣ್ಣಿನಲ್ಲಿ ಹೊರಗೆ ಬಂದಳು. ಪ್ರಶ್ನೆ ಅಲ್ಲಿಯೇ ಕಾಯುತ್ತಿತ್ತು. ನಮಗೂ ಕೇಳುವಂತೆ, ತಾಳ್ಮೆಯಿಂದ, ಮತ್ತೊಮ್ಮೆ ಕೇಳಿತು. ಕೃಷ್ಣವೇಣಿ ಉತ್ತರ ಕೊಡುವ ಮೊದಲು ಪದ್ಮಾಕ್ಷಿಯ ಕಡೆ ತಿರುಗಿದಳು.

“ಇವಳು ಏನಂದ್ಲು?”

“ಹೌದು ಅಂದ್ರು.”

“ಏನು?” ಕೃಷ್ಣವೇಣಿಯ ದನಿ ಸೂರಿಗೆ ಮುಟ್ಟಿತು. “ಇಲ್ಲ! ಖಂಡಿತಾ ಇಲ್ಲ! ನಾನೂ ಇವಳೂ ಒಂದೇ ಅಂತೆ! ಇವಳಿಗೆ ತಲೆ ಇಲ್ಲ, ನಂಗಿದೆ. ಬರಕೋ ಅದನ್ನ!”

ದನಿ ‘ವಂದನೆಗಳು’ ಎಂದು ಹೇಳಿ ಸುಮ್ಮನಾಯಿತು. ಪದ್ಮಾಕ್ಷಿ ಜಗಲಿಯ ಮೇಲೆ ಕುಸಿದು ಕೂತಳು. ಕೃಷ್ಣವೇಣಿ ಸೊಂಟದ ಮೇಲೆ ಕೈಯಿಟ್ಟು ಅಕ್ಕನೋ ತಂಗಿಯೋ ಆದವಳ ಮುಂದೆ ನಿಂತಳು. ಕೂದಲಿನಿಂದ ನೀರು ಮೊರಕ್ಕೆ ತೊಟ್ಟಿಕ್ಕುತ್ತಿತ್ತು.

“ಏನೇ ನಾಗೂ, ಬುದ್ಧಿ ನೆಟ್ಟಗಿದೆಯಾ? ನೀನು ಹೌದು ಅಂದೆ, ಸೀಗೆಪುಡಿ ಉರಿಗೆ ನಾನೂ ಹೌದು ಅಂದುಬಿಟ್ಟಿದ್ರೆ?”

ನಾಗವೇಣಿ ಮೊರವನ್ನು ನೀರು ಬೀಳದಂತೆ ಪಕ್ಕಕ್ಕೆ ಸರಿಸಿದಳು.

“ನೀನು ಇಲ್ಲ ಅಂತೀಯ ಅಂತ ಗೊತ್ತಿತ್ತು ಕಣೆ,” ಎಂದಳು. “ಅದಕ್ಕೇ ನಾನು ಧೈರ್ಯವಾಗಿ ನಿಜ ಹೇಳಿದೆ.”

ಕೃಷ್ಣವೇಣಿ ತಲೆಯಿಂದ ಒದ್ದೆ ಟವೆಲ್ ಬಿಚ್ಚಿ ಅವಳ ಮೇಲೆ ಎಸೆದಳು.